ಕರಗುವ ದಾರವಾ, ತೆಗೆಯುವ ದಾರವಾ, ಪಿನ್ನಾ, ಗಮ್ಮಾ: ನಿಮ್ಮ ಗಾಯಕ್ಕೆ ಯಾವುದು?

“ಕರಗೋ ದಾರ ಹಾಕ್ಲಾ, ಮಾಮೂಲಿದು ಹಾಕ್ಲಾ ಅಂತ ಡಾಕ್ಟರ್ ಕೇಳಿದ್ರು. ಏನು ಹೇಳೋದು ಗೊತ್ತಾಗ್ಲಿಲ್ಲ, ಯಾವುದು ಒಳ್ಳೇದೋ ಅದೇ ಹಾಕಿ ಅಂದ್ವಿ.” ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಶುರುವಾದರೆ ಸಾಕು, ಈ ಮಾತು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆಯವರಿಗೆ ಕತ್ತಿ ಏಟು, ಕಳೆ ಹೊಡೆಯುವ ಮೆಷಿನ್ ಏಟು. ಅರಸೀಕೆರೆ, ಕಡೂರಿನ ಕಡೆಯವರಿಗೆ ತೆಂಗಿನಕಾಯಿ ಸುಲಿಯುವಾಗ ಆದ ಗಾಯ. ಜೊತೆಗೆ ಬೈಕಿನಿಂದ ಬಿದ್ದವರು, ಸಿಸೇರಿಯನ್ ಆದವರು, ಗದ್ದ ಒಡೆದುಕೊಂಡ ಮಕ್ಕಳು.

ಎಲ್ಲಾ ಗಾಯಕ್ಕೂ ಒಳ್ಳೆಯದು ಅನ್ನುವಂಥ ದಾರ ಯಾವುದೂ ಇಲ್ಲ. ದುಬಾರಿಯದೇ ಒಳ್ಳೆಯದು ಅಂತಲೂ ಇಲ್ಲ. ನಾನು ಡಾಕ್ಟರ್ ಅಲ್ಲ, ಆಪರೇಷನ್ ಥಿಯೇಟರ್‌ನಲ್ಲಿ ಸಿಸ್ಟರ್ ಆಗಿದ್ದವಳು. ಸರ್ಜನ್ ಕೈಗೆ ದಾರ ಎತ್ತಿಕೊಟ್ಟಿದ್ದೇನೆ, ವಾರ ಕಳೆದ ಮೇಲೆ ಅದೇ ದಾರವನ್ನು ಡ್ರೆಸ್ಸಿಂಗ್ ರೂಮಿನಲ್ಲಿ ತೆಗೆದಿದ್ದೇನೆ. ಹಾಕಿದ ದಿನ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಆಯ್ಕೆ ಸರಿಯಾಗಿತ್ತಾ ಇಲ್ಲವಾ ಅನ್ನೋದು ಗೊತ್ತಾಗುವುದು ತೆಗೆಯುವ ದಿನ. ಹಾಗಾಗಿ ದಾರದ ವಿಷಯಕ್ಕೆ ಬರುವ ಮೊದಲು, ಮನೆಗೆ ಹೋದ ಮೇಲಿನ 10 ದಿನ ಹೇಗಿರುತ್ತದೆ ಅಂತ ಯೋಚಿಸಿ. ಇಡೀ ಲೆಕ್ಕಾಚಾರ ಅಲ್ಲಿಂದಲೇ ಶುರುವಾಗಬೇಕು.

ಮೊದಲು ಕೇಳಿಕೊಳ್ಳಬೇಕಾದ್ದು

ಗಾಯ ಎಲ್ಲಿದೆ, ಅಲ್ಲಿ ಚರ್ಮ ಎಷ್ಟು ಎಳೆಯುತ್ತದೆ? ಮಂಡಿ, ಮೊಣಕೈ, ಬೆರಳಿನ ಗೆಣ್ಣು ದಿನವಿಡೀ ಮಡಚುತ್ತಿರುತ್ತವೆ. ಹಣೆ ಹಾಗಲ್ಲ. ಗಾಯ ಎಷ್ಟು ಕೊಳೆಯಾಗಿದೆ, ಆಗಿ ಎಷ್ಟು ಹೊತ್ತಾಯಿತು? ಮುಂದಿನ ದಿನಗಳಲ್ಲಿ ಅದು ಒದ್ದೆಯಾಗುತ್ತದಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಗಾಯ ಒಣಗಿಸಿ ಇಟ್ಟುಕೊಳ್ಳಿ ಅನ್ನುವುದು ಹೇಳಲಿಕ್ಕೆ ಸುಲಭ. ಕಲೆ ಉಳಿದರೆ ನಿಮಗೆ ಬೇಜಾರಾ? ಇನ್ನೊಂದು ಪ್ರಶ್ನೆಯನ್ನು ಆಸ್ಪತ್ರೆಯಲ್ಲಿ ಯಾರೂ ಕೇಳುವುದಿಲ್ಲ: ಹೊಲಿಗೆ ತೆಗೆಸಲು ನೀವು ನಿಜವಾಗಲೂ ವಾಪಸ್ ಬರುತ್ತೀರಾ, ಬಂದರೆ ಎಲ್ಲಿಗೆ?

ಖರ್ಚು ಅಂದರೆ ಬಿಲ್ಲಿನಲ್ಲಿ ಬರೆದ ದಾರದ ಬೆಲೆ ಮಾತ್ರ ಅಂತ ನಾವು ಅಂದುಕೊಳ್ಳುತ್ತೇವೆ. ಕೊಟ್ಟಿಗೆಹಾರದ ಆಚೆ ಯಾವುದೋ ತೋಟದ ಕೂಲಿ ಲೈನ್ ಮನೆಯಲ್ಲಿ ಇರುವವರಿಗೆ ಚಿಕ್ಕಮಗಳೂರಿಗೆ ಮತ್ತೊಮ್ಮೆ ಬರುವುದು ಅಂದರೆ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಊಟ. ಹೊಲಿಗೆ ತೆಗೆಸಲೆಂದೇ ಅಷ್ಟು ದೂರ ಬರುವುದಾದರೆ ಅಗ್ಗದ ದಾರವೂ ಅಗ್ಗ ಅಲ್ಲ.

ಹೊಲಿಯದೇ ಬಿಡುವುದೂ ಒಂದು ಆಯ್ಕೆ

ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಜನರಿಗೆ ಅತಿ ಹೆಚ್ಚು ಸಿಟ್ಟು ಬರುವುದು ಇದರ ಮೇಲೆ. “ಅಷ್ಟು ದೊಡ್ಡ ಗಾಯ, ಹೊಲಿಗೇನೇ ಹಾಕ್ಲಿಲ್ಲ, ಬರೀ ಬಟ್ಟೆ ಸುತ್ತಿ ಕಳ್ಸಿದ್ರು” ಅಂತ ಬೈದುಕೊಂಡು ಬೇರೆ ಆಸ್ಪತ್ರೆಗೆ ಹೋಗುತ್ತಾರೆ.

ನಾಯಿ ಕಚ್ಚಿದ ಗಾಯವನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ಮೊದಲ ಕೆಲಸ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು. ಆಮೇಲೆ ರೇಬಿಸ್ ಲಸಿಕೆ. ರಕ್ತ ಬಂದಿದ್ದರೆ ಗಾಯದ ಒಳಗೂ ಸುತ್ತಲೂ ರೇಬಿಸ್ ತಡೆಯುವ ಸೀರಂ ಇಂಜೆಕ್ಷನ್. ಹೊಲಿಯಲೇಬೇಕಾದ ಪರಿಸ್ಥಿತಿ ಇದ್ದರೂ ಸೀರಂ ಕೊಟ್ಟ ಮೇಲೆಯೇ, ಅದೂ ಸಡಿಲವಾಗಿ. ಮಂಗ ಕಚ್ಚಿದರೂ ಸುಮ್ಮನಿರಬೇಡಿ, ಲಸಿಕೆ ಬಗ್ಗೆ ಕೇಳಿ. ಕಾಡುಹಂದಿ ಕೋರೆಯಿಂದ ಆದ ಗಾಯ ಹೊರಗೆ ಚಿಕ್ಕದು, ಒಳಗೆ ಆಳ, ಮಣ್ಣು ಬೇರೆ. ಅದನ್ನು ಬಿಗಿಯಾಗಿ ಮುಚ್ಚಿದರೆ ಒಳಗೇ ಕೀವು ಕಟ್ಟುತ್ತದೆ. ಇಂಥ ಕಡೆ ಗಾಯ ಚೆನ್ನಾಗಿ ತೊಳೆದು, ಸತ್ತ ಚರ್ಮ ಕತ್ತರಿಸಿ, ತೆರೆದೇ ಬಿಟ್ಟು ಡ್ರೆಸ್ಸಿಂಗ್ ಮಾಡುತ್ತಾರೆ. 3ರಿಂದ 5 ದಿನ ನೋಡಿ, ಒಳಗೆ ಶುದ್ಧವಾಗಿದ್ದರೆ ಆಗ ಹೊಲಿಯುತ್ತಾರೆ. ಚೀಟಿಯಲ್ಲಿ ‘ಡಿಲೇಯ್ಡ್ ಪ್ರೈಮರಿ ಕ್ಲೋಷರ್’ ಅಂತ ಬರೆದಿದ್ದರೆ ಅರ್ಥ ಇಷ್ಟೇ. ‘ಸೆಕೆಂಡರಿ ಇಂಟೆನ್ಷನ್’ ಅಂತ ಇದ್ದರೆ ಹೊಲಿಗೆ ಹಾಕದೆ ತಾನಾಗಿ ತುಂಬಿಕೊಳ್ಳಲು ಬಿಟ್ಟಿದ್ದಾರೆ ಅಂತ. ಡಾಕ್ಟರ್ ಗಾಯ ನೋಡಿ, ತೊಳೆದು, ಕಾರಣ ಹೇಳಿ ಹಾಗೆ ಬಿಟ್ಟಿದ್ದರೆ ನಂಬಿ.

ಅಂದ ಹಾಗೆ, ಗಾಯಕ್ಕೆ ಕಾಫಿಪುಡಿ, ಸುಣ್ಣ, ಕಮ್ಯುನಿಸ್ಟ್ ಗಿಡದ ಸೊಪ್ಪಿನ ರಸ ಹಾಕಿಕೊಂಡು ಬರುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಶುದ್ಧವಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಆ ಪುಡಿಯನ್ನೆಲ್ಲ ಉಜ್ಜಿ ತೆಗೆಯುವಾಗ ನಿಮಗೂ ನೋವು, ನಮಗೂ ಕಷ್ಟ. ಆಗಲೇ ಮುಚ್ಚಬಹುದಾಗಿದ್ದ ಗಾಯ ಎಷ್ಟೋ ಸಲ ಕೊಳೆ ಗಾಯದ ಲೆಕ್ಕಕ್ಕೆ ಹೋಗುತ್ತದೆ.

ಮಾಮೂಲಿ ದಾರ ಅಂದರೆ ನೈಲಾನ್

ಕಪ್ಪು ಬಣ್ಣ, ಒಂದೇ ಎಳೆ, ಗಾಳದ ದಾರದ ಹಾಗೆ ಗಡುಸು. ‘ಎಥಿಲಾನ್’ ಅಂತ ಚೀಟಿಯಲ್ಲಿ ಕಾಣುವುದು ಇದೇ. ನೀಲಿ ಬಣ್ಣದ ‘ಪ್ರೊಲೀನ್’ ಇದರ ಸಂಬಂಧಿ, ಅದು ಪಾಲಿಪ್ರೊಪಿಲೀನ್. ಎರಡೂ ಕರಗುವುದಿಲ್ಲ, ಚರ್ಮದ ಮೇಲೆ ಹಾಕಿದರೆ ತೆಗೆಸಲೇಬೇಕು.

ನನಗೆ ಕೇಳಿದರೆ ಕೈಕಾಲಿನ ಕತ್ತಿ ಗಾಯಕ್ಕೆ ಇದಕ್ಕಿಂತ ವಾಸಿ ಯಾವುದೂ ಇಲ್ಲ. ಒಂದೇ ಎಳೆ ಆದ್ದರಿಂದ ಸಂದಿನಲ್ಲಿ ಕ್ರಿಮಿ ಕೂರುವ ಜಾಗ ಕಡಿಮೆ. ಚರ್ಮ ಇದಕ್ಕೆ ಅಷ್ಟಾಗಿ ರೇಗುವುದಿಲ್ಲ. ಅಗ್ಗ. ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ಹಾಕಿದರು ಅಂತ ಬೇಜಾರು ಮಾಡಿಕೊಳ್ಳುವವರಿಗೆ ಹೇಳುತ್ತೇನೆ, ಇದು ಬಡವರ ದಾರ ಅಲ್ಲ. ಗಡುಸಾಗಿರುವುದರಿಂದ ಗಂಟು ಬಿಚ್ಚಿಕೊಳ್ಳುವ ಚಾಳಿ ಒಂದು ಇದೆ, ಅದಕ್ಕೇ ಮೂರು ನಾಲ್ಕು ಸಲ ಗಂಟು ಹಾಕುತ್ತಾರೆ. ಗಂಟಿನ ತುದಿ ಚುಚ್ಚುತ್ತದೆ, ಮಕ್ಕಳು ಅದನ್ನೇ ಎಳೆಯುತ್ತಾ ಕೂರುತ್ತಾರೆ.

ಇದರ ಬೆಲೆ ಇರುವುದು ವಾಪಸ್ ಬರುವುದರಲ್ಲಿ. ಮುಖದ್ದಾದರೆ 5 ದಿನದ ಹೊತ್ತಿಗೆ ತೆಗೆಸಬೇಕು. ತಲೆ, ಹೊಟ್ಟೆ, ತೋಳಿಗೆ 7ರಿಂದ 10 ದಿನ. ಅಂಗೈ, ಪಾದ, ಮೊಣಕಾಲಿನ ಕೆಳಗೆ, ಕೀಲುಗಳ ಮೇಲೆ 10ರಿಂದ 14 ದಿನ. ತಡ ಮಾಡಿದರೆ ಹೊಲಿಗೆಯ ಅಡ್ಡಗೆರೆಗಳು ಚರ್ಮದ ಮೇಲೆ ಏಣಿಯ ಗುರುತಾಗಿ ಉಳಿಯುತ್ತವೆ. ಕಲೆಗೆ ದಾರವನ್ನು ಬೈಯುವವರಲ್ಲಿ ಎಷ್ಟೋ ಜನ ಹೊಲಿಗೆಯನ್ನು ಮೂರು ವಾರ ಬಿಟ್ಟುಕೊಂಡು ಬಂದವರು.

ದಪ್ಪದ ಲೆಕ್ಕ ಸ್ವಲ್ಪ ಉಲ್ಟಾ. 3-0, 4-0, 5-0 ಅಂತ ಬರೆದಿರುತ್ತಾರೆ, ಸೊನ್ನೆಗಿಂತ ಮೊದಲು ಬರುವ ಅಂಕಿ ದೊಡ್ಡದಾದಷ್ಟೂ ದಾರ ಸಣ್ಣ. ತಲೆಗೆ 3-0, ಕೈಕಾಲಿಗೆ 3-0 ಅಥವಾ 4-0, ಮುಖಕ್ಕೆ 5-0, 6-0. ಮುಖದ ಗಾಯಕ್ಕೆ 3-0 ಹಾಕಲು ಹೊರಟರೆ, ಸಣ್ಣ ದಾರ ಇದೆಯಾ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಹೊರಗಿನ ಮೆಡಿಕಲ್‌ನಿಂದ ತಂದುಕೊಟ್ಟರೆ ಹಾಕುತ್ತಾರೆ.

ರೇಷ್ಮೆ ದಾರದ ಬಗ್ಗೆಯೂ ಕೇಳುತ್ತಾರೆ. ಅದೂ ಕಪ್ಪು, ಆದರೆ ಹೆಣೆದದ್ದು, ಮೃದು. ಮೃದುವಾಗಿರುವುದರಿಂದ ಬಾಯಿಯೊಳಗೆ, ಹಲ್ಲಿನ ಡಾಕ್ಟರ್ ಹತ್ತಿರ ಈಗಲೂ ನಡೆಯುತ್ತದೆ. ಮೈಮೇಲಿನ ಕೊಳೆ ಗಾಯಕ್ಕೆ ಬೇಡ, ಹೆಣಿಗೆಯ ಸಂದಿಗೆ ಕ್ರಿಮಿ ಸೇರಿಕೊಳ್ಳುತ್ತದೆ.

ಕರಗುವ ದಾರದಲ್ಲೂ ಜಾತಿಗಳಿವೆ

‘ಕರಗೋದು’ ಅಂದ ಕೂಡಲೇ ಒಂದು ವಾರದಲ್ಲಿ ಮಾಯವಾಗುತ್ತದೆ ಅಂದುಕೊಳ್ಳುತ್ತಾರೆ. ಇಲ್ಲಿ ಎರಡು ಗಡುವುಗಳಿವೆ. ದಾರ ಗಾಯವನ್ನು ಗಟ್ಟಿಯಾಗಿ ಹಿಡಿದಿಡುವ ಅವಧಿ ಒಂದು, ಅದು ಪೂರ್ತಿ ಮಾಯವಾಗುವ ಅವಧಿ ಇನ್ನೊಂದು. ಮೊದಲನೆಯದೇ ಮುಖ್ಯ.

ಜಾಸ್ತಿ ಕೇಳಿಬರುವ ಹೆಸರು ‘ವಿಕ್ರಿಲ್’, ಒಳಗಿನ ವಸ್ತು ಪಾಲಿಗ್ಲಾಕ್ಟಿನ್ 910. ಎರಡು ವಾರದ ಹೊತ್ತಿಗೆ ಮುಕ್ಕಾಲು ಪಾಲು ಶಕ್ತಿ ಉಳಿದಿರುತ್ತದೆ, ಮೂರು ವಾರಕ್ಕೆ ಅರ್ಧ. ಪೂರ್ತಿ ಕರಗಲು 56ರಿಂದ 70 ದಿನ. ಇದರ ಜಾಗ ಚರ್ಮದ ಒಳಗೆ: ಮಾಂಸಖಂಡ, ಕೊಬ್ಬಿನ ಪದರ, ಸಿಸೇರಿಯನ್‌ನಲ್ಲಿ ಗರ್ಭಕೋಶ. ಆಳವಾದ ಕತ್ತಿ ಗಾಯಕ್ಕೆ ಒಳಗೆ ವಿಕ್ರಿಲ್, ಮೇಲೆ ನೈಲಾನ್ ಹಾಕುವುದೇ ರೂಢಿ, ಹಾಗಾಗಿ ಬಿಲ್ಲಿನಲ್ಲಿ ಎರಡು ದಾರ ಕಂಡರೆ ಮೋಸ ಅಂದುಕೊಳ್ಳಬೇಡಿ. ಅದನ್ನೇ ಚರ್ಮದ ಮೇಲೆ ಹಾಕಿ “ಕರಗುತ್ತೆ ಬಿಡಿ” ಅಂದರೆ ಅದು ವಾರಗಟ್ಟಲೆ ಅಲ್ಲೇ ಕೂತು ಕೆರಳಿಸುತ್ತದೆ. ಒಳಗೆ ಹಾಕಿದ್ದೂ ಕೆಲವೊಮ್ಮೆ ತಿಂಗಳ ಮೇಲೆ ಸಣ್ಣ ಗುಳ್ಳೆಯಾಗಿ, ಅದರಿಂದ ದಾರದ ತುಂಡು ಹೊರಗೆ ಬರುತ್ತದೆ. ಗಾಬರಿ ಬೇಡ. ತೋರಿಸಿದರೆ ಚಿಮಟದಲ್ಲಿ ತೆಗೆಯುತ್ತಾರೆ.

ಚರ್ಮದ ಮೇಲೆ ಕರಗುವುದೇ ಬೇಕು ಅಂದರೆ ‘ವಿಕ್ರಿಲ್ ರ‍್ಯಾಪಿಡ್’ ಇದೆ. 5 ದಿನಕ್ಕೆ ಶಕ್ತಿ ಅರ್ಧವಾಗುತ್ತದೆ, ಎರಡು ವಾರದೊಳಗೆ ಹಿಡಿತ ಹೋಗಿರುತ್ತದೆ. ಮಕ್ಕಳ ಮುಖಕ್ಕೆ ಇದು ನನ್ನ ಮೊದಲ ಆಯ್ಕೆ. ಹೊಲಿಗೆ ತೆಗೆಯುವಾಗ ಅಪ್ಪ ಕೈ ಹಿಡಿದು, ಅಮ್ಮ ತಲೆ ಹಿಡಿದು, ಮಗು ಕಿರುಚಿ, ಆ ಗದ್ದಲದಲ್ಲಿ ಕತ್ತರಿ ತಾಗುವ ಭಯ ಇರುತ್ತದಲ್ವಾ, ಅದೆಲ್ಲ ತಪ್ಪುತ್ತದೆ. ಕಲೆಯಲ್ಲೂ ನೈಲಾನ್‌ಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಹೆರಿಗೆ ಹೊಲಿಗೆಗೂ ಇದು ಒಳ್ಳೆಯದು. ಹಳೆಯ ಕ್ರೋಮಿಕ್ ಕ್ಯಾಟ್‌ಗಟ್, ಅಂದರೆ ಕುರಿ ಅಥವಾ ದನದ ಕರುಳಿನಿಂದ ಮಾಡಿದ ಕಂದು ದಾರ, ಕೆಲವು ಕಡೆ ಈಗಲೂ ಬಳಕೆಯಲ್ಲಿದೆ. ಅದು ಎಷ್ಟು ದಿನಕ್ಕೆ ಸಡಿಲವಾಗುತ್ತದೆ ಅನ್ನೋದು ಒಬ್ಬೊಬ್ಬರಲ್ಲಿ ಒಂದೊಂದು ಥರ, ಮೈ ಅದಕ್ಕೆ ರೇಗುವುದೂ ಜಾಸ್ತಿ. ಯುರೋಪಿನಲ್ಲಿ ದನಗಳ ರೋಗದ ಭಯದಿಂದ ಅದನ್ನು ಬಿಟ್ಟೇ ಬಿಟ್ಟಿದ್ದಾರೆ. ಆಯ್ಕೆ ಇದ್ದರೆ ಸಿಂಥೆಟಿಕ್ ದಾರ ಕೇಳಿ, ಹೆರಿಗೆಯ ನಂತರ ಮೊದಲ ದಿನಗಳ ನೋವು ಅದರಲ್ಲಿ ಕಡಿಮೆ.

‘ಮೊನೊಕ್ರಿಲ್’ ಒಂದೇ ಎಳೆಯ ಕರಗುವ ದಾರ. ಚರ್ಮದ ಕೆಳಗೇ ಓಡಿಸಿ ಹೊಲಿಯುತ್ತಾರೆ, ಮೇಲೆ ಒಂದು ಗೆರೆ ಬಿಟ್ಟರೆ ಏನೂ ಕಾಣುವುದಿಲ್ಲ. ಸಿಸೇರಿಯನ್, ಥೈರಾಯ್ಡ್ ಥರದ ಯೋಜಿಸಿ ಮಾಡುವ ಆಪರೇಷನ್‌ಗೆ ಕೊಡುವ ದುಡ್ಡು ದಂಡವಲ್ಲ. ಕತ್ತಿ ಗಾಯಕ್ಕೆ ಇದನ್ನು ಕೇಳಬೇಡಿ. ಹೊಟ್ಟೆಯ ಗೋಡೆಯಂಥ ತುಂಬಾ ದಿನ ಹಿಡಿತ ಬೇಕಾದ ಕಡೆ ‘ಪಿಡಿಎಸ್’ ಹಾಕುತ್ತಾರೆ, ಅದು ಪೂರ್ತಿ ಹೋಗಲು ಆರು ತಿಂಗಳ ಮೇಲೆ. ಅದನ್ನು ಸರ್ಜನ್‌ಗೇ ಬಿಡಿ.

ದುಡ್ಡಿನ ಮಾತು: ಕರಗುವ ದಾರ ನೈಲಾನ್‌ಗಿಂತ ಕೆಲವು ಪಟ್ಟು ದುಬಾರಿ. ಆದರೆ ಪಾಲಿಗ್ಲಾಕ್ಟಿನ್ 910 ಅನ್ನು ಬೇರೆ ಕಂಪನಿಗಳೂ ಮಾಡುತ್ತವೆ, ಬೆಂಗಳೂರಿನಲ್ಲೇ ತಯಾರಾಗುವುದೂ ಇದೆ. ಚೀಟಿಯಲ್ಲಿ ಬ್ರಾಂಡ್ ಹೆಸರಿದ್ದರೆ, “ಇದೇ ವಸ್ತು, ಇದೇ ಸೈಜು, ಇದೇ ಸೂಜಿ, ಬೇರೆ ಕಂಪನಿದು ಆಗುತ್ತಾ” ಅಂತ ಡಾಕ್ಟರ್ ಹತ್ತಿರ ಕೇಳಿಯೇ ಮೆಡಿಕಲ್‌ಗೆ ಹೋಗಿ. ಸೂಜಿಯ ಮಾತು ಮರೆಯಬೇಡಿ. ಚರ್ಮಕ್ಕೆ ಕತ್ತರಿಸುವ ಅಂಚಿನ ಸೂಜಿ ಬೇಕು, ಒಳಗಿನ ಮೆತ್ತನೆ ಭಾಗಕ್ಕೆ ದುಂಡನೆಯದು. ದಾರ ಸರಿ ಇದ್ದು ಸೂಜಿ ತಪ್ಪಾದರೆ ಮತ್ತೆ ಮೆಡಿಕಲ್‌ಗೆ ಓಡಬೇಕು.

ಪಿನ್ನು

ಸ್ಟೇಪ್ಲರ್‌ನಲ್ಲಿ ಹೊಡೆಯುವ ಸ್ಟೀಲ್ ಪಿನ್. ಇದರ ದೊಡ್ಡ ಗುಣ ವೇಗ. ತಲೆ ಒಡೆದು ರಕ್ತ ಸುರಿಯುತ್ತಿದ್ದರೆ, ಉದ್ದನೆಯ ನೇರ ಗಾಯವಿದ್ದರೆ ಕ್ಷಣದಲ್ಲಿ ಮುಗಿಯುತ್ತದೆ. ತಲೆಯಲ್ಲಿ ಕೂದಲು ಕಲೆ ಮುಚ್ಚುತ್ತದೆ, ಹಾಗಾಗಿ ಅಂದದ ಚಿಂತೆ ಇಲ್ಲ. ಮುಖಕ್ಕೆ ಬೇಡ, ಕೈಗೆ ಬೇಡ. ಸಿಸೇರಿಯನ್‌ಗೆ ಪಿನ್ನಾ ಹೊಲಿಗೆಯಾ ಅಂತ ಕೇಳಿದರೆ ನಾನು ಹೊಲಿಗೆ ಅನ್ನುತ್ತೇನೆ, ಪಿನ್ ಬೇಗ ತೆಗೆದಾಗ ಗಾಯದ ಬಾಯಿ ಬಿಡುವ ಸಾಧ್ಯತೆ ಜಾಸ್ತಿ.

ಮಲೆನಾಡಿನವರಿಗೆ ಒಂದು ಎಚ್ಚರಿಕೆ. ಪಿನ್ ತೆಗೆಯಲು ಬೇರೆಯೇ ಉಪಕರಣ ಬೇಕು, ಅದು ಎಲ್ಲಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರುವುದಿಲ್ಲ. ಊರ ಹತ್ತಿರ ತೆಗೆಸಿಕೊಳ್ಳುತ್ತೇನೆ ಅನ್ನುವವರು ಮೊದಲು ಅಲ್ಲಿ ಫೋನ್ ಮಾಡಿ ವಿಚಾರಿಸಿ.

ಗಮ್ಮು ಮತ್ತು ಪಟ್ಟಿ

ಗಮ್ಮು ಅಂದರೆ ಸೈನೊಅಕ್ರಿಲೇಟ್. ನೋವಿನ ಇಂಜೆಕ್ಷನ್ ಬೇಡ, ಸೂಜಿ ಬೇಡ, ತೆಗೆಸುವುದೂ ಬೇಡ, 5ರಿಂದ 10 ದಿನಕ್ಕೆ ತಾನೇ ಉದುರುತ್ತದೆ. ಕೇಳಿದರೆ ಎಲ್ಲರಿಗೂ ಇದೇ ಬೇಕು ಅನಿಸುತ್ತದೆ. ಆದರೆ ಇದು ನಡೆಯುವ ಜಾಗ ಕಡಿಮೆ. ಚಿಕ್ಕದಾಗಿ, ನೇರವಾಗಿ, ಶುದ್ಧವಾಗಿ, ಅಂಚು ತಾನಾಗಿ ಕೂಡುವಂಥ ಗಾಯಕ್ಕೆ ಮಾತ್ರ. ಮಗುವಿನ ಹಣೆ ಮಂಚದ ಅಂಚಿಗೆ ತಾಗಿ ಸೀಳಿದರೆ ಗಮ್ಮಿನಷ್ಟು ಸುಖ ಬೇರೆ ಇಲ್ಲ. ಬೆರಳ ಗೆಣ್ಣು, ಮಂಡಿ, ತುಟಿಯ ಒಳಗೆ, ಕಚ್ಚಿದ ಗಾಯ ಇವಕ್ಕೆ ಆಗುವುದಿಲ್ಲ. ಕಣ್ಣಿನ ಹತ್ತಿರ ಆದರೆ ತುಂಬಾ ಹುಷಾರು ಬೇಕು, ಒಂದು ಹನಿ ಜಾರಿದರೂ ರೆಪ್ಪೆ ಅಂಟಿಕೊಳ್ಳುತ್ತದೆ. ಗಮ್ಮಿನ ಮೇಲೆ ಮುಲಾಮು, ವ್ಯಾಸಲೀನ್, ಎಣ್ಣೆ ಹಚ್ಚಬೇಡಿ, ಬಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಅಜ್ಜಿಯಂದಿರು ಕೊಬ್ಬರಿ ಎಣ್ಣೆ ಸವರದೆ ಬಿಡುವುದಿಲ್ಲ, ಅವರಿಗೆ ಮೊದಲೇ ಹೇಳಿಡಿ. ಅಂಗಡಿಯ ಫೆವಿಕ್ವಿಕ್ ಕೂಡ ಅದೇ ಜಾತಿಯದಲ್ವಾ ಅಂತ ಮನೆಯಲ್ಲಿ ಪ್ರಯೋಗ ಮಾಡುವವರಿದ್ದಾರೆ. ಅದು ಶುದ್ಧೀಕರಿಸಿದ್ದಲ್ಲ, ಮಾಂಸವನ್ನು ಸುಟ್ಟು ಕೆರಳಿಸುತ್ತದೆ. ಬೇಡ.

ಕಾಗದದಂಥ ಅಂಟುಪಟ್ಟಿ, ಅಂದರೆ ಸ್ಟೆರಿ-ಸ್ಟ್ರಿಪ್, ಮೇಲ್ಮೈ ಗಾಯಕ್ಕೆ ಸಾಕು. ಬೆವರು, ಮಳೆ ಎರಡೂ ಅದಕ್ಕೆ ಆಗದು. ಹೊಲಿಗೆ ತೆಗೆದ ಮೇಲೆ ಒಂದು ವಾರ ಆಸರೆಗೆ ಹಾಕಿಸಿಕೊಳ್ಳುವುದೇ ಅದರ ಒಳ್ಳೆಯ ಉಪಯೋಗ.

ಹಾಗಾದರೆ ನಿಮಗೆ ಯಾವುದು?

ತೋಟದ ಕೆಲಸದವರು, ಕೈಯೋ ಕಾಲೋ ಕತ್ತಿಗೆ ಸಿಕ್ಕಿದೆ, ನಾಲ್ಕು ದಿನಕ್ಕೆ ಮತ್ತೆ ಕೆಲಸಕ್ಕೆ ಹೋಗಲೇಬೇಕು ಅಂದರೆ ನೈಲಾನ್, ಬಿಡಿಬಿಡಿ ಹೊಲಿಗೆ. ಚೀಟಿಯಲ್ಲಿ ‘ಇಂಟರಪ್ಟೆಡ್’ ಅಂತ ಬರೆಯುತ್ತಾರೆ. ಒಂದು ಕಿತ್ತರೂ ಉಳಿದವು ಹಿಡಿದಿರುತ್ತವೆ, ಕೀವು ಬಂದರೆ ಒಂದೆರಡನ್ನು ಮಾತ್ರ ಬಿಚ್ಚಿ ಹೊರಗೆ ಬಿಡಬಹುದು. ಉದ್ದಕ್ಕೂ ಒಂದೇ ದಾರ ಓಡಿಸುವ ‘ಕಂಟಿನ್ಯೂಸ್’ನಲ್ಲಿ ಆ ಅನುಕೂಲ ಇಲ್ಲ. ಎಳೆತ ಜಾಸ್ತಿ ಇರುವ ಕಡೆ ಗಾಯದ ಅಡ್ಡಕ್ಕೆ ಎರಡೆರಡು ಸಲ ದಾರ ದಾಟಿಸುವ ‘ಮ್ಯಾಟ್ರೆಸ್’ ಹೊಲಿಗೆ ಹಾಕುತ್ತಾರೆ, ಗಟ್ಟಿ, ಆದರೆ ಗುರುತು ಉಳಿಯುತ್ತದೆ.

ಕೈಗೆ ಕತ್ತಿ ಬಿದ್ದಾಗ ದಾರಕ್ಕಿಂತ ಮೊದಲು ನೋಡಬೇಕಾದ್ದು ಬೆರಳು. ಪ್ರತಿ ಬೆರಳೂ ಮಡಚಿ ಬಿಡಿಸಲು ಬರುತ್ತಾ, ತುದಿಯಲ್ಲಿ ಸ್ಪರ್ಶ ಗೊತ್ತಾಗುತ್ತಾ? ಇಲ್ಲ ಅಂದರೆ ನರವೋ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹುರಿಯೋ (ಟೆಂಡನ್) ತುಂಡಾಗಿರಬಹುದು. ಮೇಲೆ ಮಾತ್ರ ಹೊಲಿಸಿಕೊಂಡು ಮನೆಗೆ ಹೋಗಬೇಡಿ, ನೇರ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ಗೋ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೋ ಹೋಗಿ ತೋರಿಸಿ.

ಮಗುವಿನ ಮುಖದ ಗಾಯ ಚಿಕ್ಕದಿದ್ದರೆ ಗಮ್ಮು, ಸ್ವಲ್ಪ ದೊಡ್ಡದಿದ್ದರೆ ಬೇಗ ಕರಗುವ ಸಣ್ಣ ದಾರ. ದುಡ್ಡಿಲ್ಲವಾ, 6-0 ನೈಲಾನ್ ಹಾಕಿಸಿ ಐದನೇ ದಿನ ತೆಗೆಸಿ, ಕಲೆಯಲ್ಲಿ ಏನೂ ಕಳೆದುಕೊಳ್ಳುವುದಿಲ್ಲ. ತುಟಿಯ ಅಂಚು, ರೆಪ್ಪೆ ಸೀಳಿದ್ದರೆ ಪ್ಲಾಸ್ಟಿಕ್ ಸರ್ಜನ್‌ಗೆ ಕೊಡುವ ದುಡ್ಡಿಗೆ ಅರ್ಥ ಇದೆ. ಮೊಣಕಾಲಿಗೆ ಪ್ಲಾಸ್ಟಿಕ್ ಸರ್ಜನ್ ಬೇಕಾ ಅಂದರೆ, ಸುಮ್ನೆ ಖರ್ಚು.

ಸಕ್ಕರೆ ಕಾಯಿಲೆಯವರು, ವಯಸ್ಸಾದವರು, ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಗಾಯ ನಿಧಾನಕ್ಕೆ ಮಾಯುತ್ತದೆ. ಇವರಿಗೆ ಬೇಗ ಕರಗುವ ದಾರ ಚರ್ಮದ ಮೇಲೆ ಬೇಡ, ಗಾಯ ಕೂಡುವ ಮೊದಲೇ ಹಿಡಿತ ಬಿಡಬಹುದು. ನೈಲಾನ್ ಹಾಕಿಸಿ, ಡಾಕ್ಟರ್ ಹೇಳಿದರೆ ನಾಲ್ಕು ದಿನ ಜಾಸ್ತಿಯೇ ಬಿಡಿ. ಕಲೆಯ ಚಿಂತೆ ಆಮೇಲೆ.

ಮಳೆಗಾಲದಲ್ಲಿ ಯಾರಿಗೇ ಆಗಲಿ ಗಮ್ಮು, ಪಟ್ಟಿ ನಂಬಬೇಡಿ. ಹೊಲಿಗೆ ಹಾಕಿದ ಗಾಯಕ್ಕೆ ಮೊದಲ ಒಂದೆರಡು ದಿನ ಬಿಟ್ಟರೆ ಒಂದಿಷ್ಟು ಶುದ್ಧ ನೀರು ಬಿದ್ದರೆ ಏನೂ ಆಗುವುದಿಲ್ಲ, ಮೆತ್ತಗೆ ಒರೆಸಿ. ಗಂಬೂಟಿನೊಳಗೆ ಒದ್ದೆ ಬ್ಯಾಂಡೇಜು ಸಂಜೆವರೆಗೆ ಕೂತರೆ ಮಾತ್ರ ಗಾಯ ಕೆಡುವುದು ಖಂಡಿತ. ಪಥ್ಯದ ವಿಷಯಕ್ಕೂ ಒಂದು ಮಾತು: ನಂಜು ಅಂತ ಮೊಟ್ಟೆ, ಮೀನು, ಬೇಳೆ ಎಲ್ಲಾ ನಿಲ್ಲಿಸಿ ಬರೀ ಗಂಜಿ ಕೊಟ್ಟರೆ ಚರ್ಮ ಕೂಡಲು ಬೇಕಾದ ಪ್ರೋಟೀನ್ ಎಲ್ಲಿಂದ ಬರಬೇಕು?

ಹೊಲಿಗೆ ತೆಗೆದ ದಿನವೇ ಏಣಿ ಹತ್ತಬೇಡಿ. ಎರಡು ವಾರದ ಗಾಯಕ್ಕೆ ಮೊದಲಿನ ಚರ್ಮದ ಹತ್ತನೇ ಒಂದು ಪಾಲು ಶಕ್ತಿಯೂ ಇರುವುದು ಕಷ್ಟ. ಆರು ವಾರಕ್ಕೆ ಸುಮಾರು ಅರ್ಧ, ಮೂರು ತಿಂಗಳ ಹೊತ್ತಿಗೆ ಹೆಚ್ಚೆಂದರೆ 80 ಪರ್ಸೆಂಟ್. ನೋವು ದಿನದಿಂದ ದಿನಕ್ಕೆ ಜಾಸ್ತಿಯಾದರೆ, ಸುತ್ತ ಕೆಂಪು ಹರಡಿದರೆ, ಕೀವು ಬಂದರೆ, ಜ್ವರ ಬಂದರೆ ತೆಗೆಯುವ ದಿನಕ್ಕೆ ಕಾಯಬೇಡಿ.

ಆಸ್ಪತ್ರೆ ಬಿಡುವ ಮೊದಲು ಚೀಟಿ ಒಮ್ಮೆ ನೋಡಿ. ಯಾವ ದಾರ, ಎಷ್ಟು ಹೊಲಿಗೆ, ಯಾವ ತಾರೀಖಿಗೆ ತೆಗೆಯಬೇಕು, ಧನುರ್ವಾಯು ತಡೆಯುವ ಟಿಟಿ ಇಂಜೆಕ್ಷನ್ ಕೊಟ್ಟಿದ್ದಾರಾ, ಇಷ್ಟು ಬರೆದಿರಬೇಕು. ಕೊಳೆ ಗಾಯವಾಗಿ, ಹಿಂದಿನ ಟಿಟಿ ಆಗಿ 5 ವರ್ಷ ದಾಟಿದ್ದರೆ ಮತ್ತೆ ಬೇಕು. ‘ಎಸ್ಆರ್’ ಅಂತ ಬರೆದು ಪಕ್ಕದಲ್ಲಿ ತಾರೀಖು ಇದ್ದರೆ ಅದು ಹೊಲಿಗೆ ತೆಗೆಯುವ ದಿನ. ಆ ಚೀಟಿ ಇದ್ದರೆ ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲೇ ಸಿಸ್ಟರ್ ತೆಗೆದುಕೊಡುತ್ತಾರೆ. ಚೀಟಿ ಇಲ್ಲದೆ ಹೋದರೆ “ಹಾಕಿದಲ್ಲಿಗೇ ಹೋಗಿ” ಅಂತಾರೆ, ಅವರದೂ ತಪ್ಪಲ್ಲ, ಎಷ್ಟು ಹಾಕಿದ್ದಾರೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?